ಹೆದರುವವರಿಗೆ ಮೊದಲ ದಾರಿ

ಕ್ಯಾಲಿಫೋರ್ನಿಯಾದ ಉದ್ಯಾನಗಳಲ್ಲಿ, ಕಾಲುದಾರಿ ಶುರುವಾಗುವ ಕಡೆ, ತ್ರಿಕೋನದ ಒಂದು ಪುಟ್ಟ ಫಲಕ ಕಾಣಸಿಗುತ್ತದೆ. ಮೂರು ಮೂಲೆಯಲ್ಲಿ ಮೂರು ಚಿತ್ರ: ಸೈಕಲ್ ಸವಾರ, ನಡೆದು ಹೋಗುವವ, ಕುದುರೆಯ ಮೇಲೆ ಕೂತವ. ನಡುವೆ ಬಾಣದ ಗುರುತುಗಳು. ಅವನ್ನು ಓದುವುದು ಹೀಗೆ: ಸೈಕಲ್ಲಿನವರು ಉಳಿದಿಬ್ಬರಿಗೂ ದಾರಿ ಬಿಡಬೇಕು. ನಡೆಯುವವರು ಕುದುರೆಗೆ ದಾರಿ ಬಿಡಬೇಕು. ಕುದುರೆ ಯಾರಿಗೂ ಬಿಡಬೇಕಾಗಿಲ್ಲ.

ನಮ್ಮ ಕಡೆಯಿಂದ ಹೋದವರಿಗೆ ಇದು ಮೊದಲ ನೋಟಕ್ಕೆ ಪಾಳೇಗಾರರ ಕಾಲದ ಕಟ್ಟಳೆಯಂತೆ ತೋರುತ್ತದೆ. ಕುದುರೆ ಏರಿದ ದೊರೆಗೆ ರಾಜಮರ್ಯಾದೆ, ಬರಿಗಾಲಿನವ ಪಕ್ಕಕ್ಕೆ! ಅಸಲು ಲೆಕ್ಕ ಬೇರೆಯೇ ಇದೆ. ಅದು ತಲೆಗೆ ಹೋಗಬೇಕಾದರೆ ಒಂದು ಹೊಳೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ ನೋಡಬೇಕು.

ಆ ಹೊಳೆ ಅಲಮೀಡಾ ಕ್ರೀಕ್. ಹಳ್ಳಕ್ಕಿಂತ ದೊಡ್ಡದು, ನದಿಗಿಂತ ಚಿಕ್ಕದು, ಹಾಗಾಗಿ ನಮ್ಮ ಮಾತಿನಲ್ಲಿ ಹೊಳೆಯೇ ಸರಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಫ್ರೀಮಾಂಟ್ ಊರಿನ ಮಗ್ಗುಲಲ್ಲಿ ಹರಿದು ಕೊಲ್ಲಿಯನ್ನು ಸೇರುತ್ತದೆ. ಫ್ರೀಮಾಂಟ್ ಕನ್ನಡಿಗರಿಗೆ ಅಪರಿಚಿತವಲ್ಲ. ಸಿಲಿಕಾನ್ ಕಣಿವೆಯಲ್ಲಿ ದುಡಿಯುವ ಎಷ್ಟೋ ಕನ್ನಡ ಮನೆಗಳು ಅಲ್ಲಿವೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರು ತಿಂಗಳ ಮಟ್ಟಿಗೆ ಬರುವ ಅಜ್ಜ ಅಜ್ಜಿಯರಿಗೆ ಅಮೆರಿಕದ ಊರುಗಳ ದೊಡ್ಡ ಕಷ್ಟವೆಂದರೆ ಕಾರಿಲ್ಲದೆ ಹೊಸ್ತಿಲು ದಾಟುವಂತಿಲ್ಲ ಎನ್ನುವುದು. ಹೊಳೆಯ ಹತ್ತಿರ ಮನೆ ಸಿಕ್ಕವರು ಆ ಮಟ್ಟಿಗೆ ಪುಣ್ಯವಂತರು. ತಲೆಗೆ ಮಂಕಿ ಟೋಪಿ, ಕಾಲಿಗೆ ಮಗ ಕೊಡಿಸಿದ ಬಿಳಿ ಶೂ ಹಾಕಿಕೊಂಡು ಅವರು ಏರಿ ಹತ್ತಿದರೆ ಮುಂದೆ ಸಿಗ್ನಲ್ಲಿಲ್ಲ, ಕಾರಿಲ್ಲ. ದೊಡ್ಡ ರಸ್ತೆಗಳು, ಹೆದ್ದಾರಿ, ರೈಲು ಹಳಿ ಎಲ್ಲವೂ ತಲೆಯ ಮೇಲೆ ಸೇತುವೆಯಾಗಿ ದಾಟಿಹೋಗುತ್ತವೆ. ದಾರಿ ಮಾತ್ರ ನೀರಿನ ಜೊತೆಗೇ ತಣ್ಣಗೆ ಕೆಳಗೆ ನುಸುಳುತ್ತದೆ.

ಈ ದಾರಿಯ ಹೆಸರು ಅಲಮೀಡಾ ಕ್ರೀಕ್ ರೀಜನಲ್ ಟ್ರೈಲ್. ನೈಲ್ಸ್ ಕಣಿವೆಯ ಬಾಯಿಂದ ಕೊಲ್ಲಿಯ ತನಕ 12 ಮೈಲಿ, ನಮ್ಮ ಲೆಕ್ಕದಲ್ಲಿ 19 ಕಿಲೋಮೀಟರ್. ನಿಜ ಹೇಳಬೇಕೆಂದರೆ ಇದು ಒಂದಲ್ಲ, ಎರಡು ದಾರಿ. ಹೊಳೆಯ ತೆಂಕಣ ದಡದ್ದು ಡಾಂಬರು ಹಾಕಿದ ದಾರಿ. ಸೈಕಲ್ಲಿಗೆ, ನಡಿಗೆಗೆ, ಗಾಲಿಕುರ್ಚಿಗೆ, ಮಕ್ಕಳ ತಳ್ಳುಗಾಡಿಗೆ ಹೇಳಿಮಾಡಿಸಿದ್ದು. ಬಡಗಣ ದಡದ್ದು ಮಣ್ಣು, ಜಲ್ಲಿಯ ದಾರಿ, ಕುದುರೆಗೆಂದು ಬಿಟ್ಟದ್ದು. ಸೈಕಲ್ಲಿನವರೂ ನಡೆಯುವವರೂ ಅಲ್ಲಿಗೆ ಹೋಗಬಹುದು, ಆದರೆ ಅಲ್ಲಿ ಅವರು ಅತಿಥಿಗಳು. ಲಾಳ ಹೊಡೆದ ಗೊರಸು ಡಾಂಬರಿನ ಮೇಲೆ ಜಾರುತ್ತದೆ. ಗಟ್ಟಿ ನೆಲದ ಪೆಟ್ಟು ಕುದುರೆಯ ಕೀಲುಗಳಿಗೆ ಏರುತ್ತದೆ. ಮಣ್ಣಾದರೆ ಎರಡೂ ತಾಪತ್ರಯವಿಲ್ಲ. ತೆಳ್ಳನೆ ಟೈರಿನ ಸೈಕಲ್ಲಿಗೆ ಅದೇ ಮಣ್ಣು ಶತ್ರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ನಮ್ಮ ಗಾದೆ. ಇಲ್ಲಿ ಎತ್ತಿಗೊಂದು ಏರಿ, ಕೋಣಕ್ಕೊಂದು ಏರಿ ಕೊಟ್ಟು ಜಗಳದ ಅರ್ಧ ಭಾಗವನ್ನು ಮೊದಲೇ ಬಗೆಹರಿಸಿದ್ದಾರೆ.

‘ಏರಿ’ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಈ ದಾರಿಯನ್ನು ಯಾರೂ ದಾರಿಯೆಂದು ಕಟ್ಟಿದ್ದಲ್ಲ. 1955ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಉತ್ತರ ಕ್ಯಾಲಿಫೋರ್ನಿಯಾದ ಹೊಳೆಗಳೆಲ್ಲ ಉಕ್ಕಿದವು. ಅಲಮೀಡಾ ಹೊಳೆಯೂ ದಡ ಮೀರಿ ನೈಲ್ಸ್‌ನ ಕೆಳಗಿನ ತೋಟ, ಹೊಲ, ಮನೆಗಳ ಮೇಲೆ ಹರಿಯಿತು. ಕಣಿವೆಯಿಂದಾಚೆಗೆ ನೆಲವೆಲ್ಲ ಹರಿವಾಣದಂತೆ ಚಪ್ಪಟೆ. ನೀರಿಗೆ ತಡೆಯೇ ಇರಲಿಲ್ಲ. ನೈಲ್ಸ್, ಸೆಂಟರ್‌ವಿಲ್, ಅರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಊರುಗಳು ಒಂದಾಗಿ ಫ್ರೀಮಾಂಟ್ ನಗರವಾದದ್ದು ಅದಾದ ತಿಂಗಳಿಗೆ, 1956ರ ಜನವರಿಯಲ್ಲಿ. ಹೊಸ ನಗರ ಬೆಳೆಯಬೇಕಾದರೆ ಮೊದಲು ಹೊಳೆಗೆ ಮೂಗುದಾರ ಹಾಕಬೇಕಿತ್ತು. ಅಮೆರಿಕದ ಸೇನೆಯ ಎಂಜಿನಿಯರುಗಳ ದಳ 1960ರ ದಶಕದಲ್ಲಿ ಕೆಲಸ ಹಿಡಿಯಿತು. ಅಂಕುಡೊಂಕಾಗಿ ಹರಿಯುತ್ತಿದ್ದ ಹೊಳೆಯನ್ನು ಅಗಲವಾದ ನೇರ ಕಾಲುವೆಯಾಗಿಸಿ ಎರಡೂ ಕಡೆ ಎತ್ತರದ ಏರಿ ಕಟ್ಟಿದರು. ಹೊಳೆಯ ಹಳೆಯ ಪಾತ್ರ ಇಂದಿಗೂ ‘ಹಳೆ ಅಲಮೀಡಾ ಕ್ರೀಕ್’ ಎಂಬ ಹೆಸರಲ್ಲಿ ಉತ್ತರಕ್ಕೆ ಬೇರೆಯಾಗಿ ಉಳಿದಿದೆ.

ಏರಿ ಕಟ್ಟಿದ ಮೇಲೆ ಅದರ ತಲೆಯ ಮೇಲೊಂದು ಬಂಡಿದಾರಿ ಬೇಕೇ ಬೇಕು. ಹೂಳೆತ್ತುವ ಯಂತ್ರ, ಬಿರುಕು ಮುಚ್ಚುವ ಲಾರಿ ಓಡಾಡಬೇಕಲ್ಲ. ವರ್ಷದಲ್ಲಿ ಕೆಲವೇ ದಿನ ಲಾರಿ ಓಡುವ ಆ ದಾರಿ ಮಿಕ್ಕ ದಿನ ಖಾಲಿ ಬಿದ್ದಿರುತ್ತದೆ. ಅದನ್ನು ಜನರಿಗೆ ತೆರೆದುಕೊಟ್ಟದ್ದು ಈಸ್ಟ್ ಬೇ ಪ್ರಾದೇಶಿಕ ಉದ್ಯಾನ ಜಿಲ್ಲೆ. 1934ರಲ್ಲಿ, ಆರ್ಥಿಕ ಮಹಾಕುಸಿತದ ನಡುವೆ, ತೆರಿಗೆ ಕೊಡುತ್ತೇವೆ ಎಂದು ಜನರೇ ಮತ ಹಾಕಿ ಹುಟ್ಟಿಸಿದ ಸಂಸ್ಥೆ ಇದು. ಏರಿಯ ಯಜಮಾನಿಕೆ ಪ್ರವಾಹ ನಿಯಂತ್ರಣದವರದು, ದಾರಿಯ ಉಸ್ತುವಾರಿ ಉದ್ಯಾನದವರದು. ಹೀಗೆ ಲಾರಿಗೆಂದು ಮಾಡಿದ್ದು ಕುದುರೆಗಾಯಿತು, ಪ್ರವಾಹಕ್ಕೆ ಹೆದರಿ ಕಟ್ಟಿದ್ದು ವಿಹಾರಕ್ಕೊದಗಿತು. ಕೆರೆ ಏರಿಯ ಮೇಲೇ ಊರಿಂದೂರಿಗೆ ನಡೆದು, ಗಾಡಿ ಹೊಡೆದು, ಜಾತ್ರೆಗೆ ಹೋದ ನಮ್ಮವರಿಗೆ ಇದರಲ್ಲಿ ಹೊಸತೇನೂ ಕಾಣದು.

ಹೆಸರಿನದೊಂದು ತಮಾಷೆ ಇದೆ. ‘ಅಲಮೀಡಾ’ ಸ್ಪ್ಯಾನಿಷ್ ಮಾತು. ಆಲಮೋ ಎಂದರೆ ಪಾಪ್ಲರ್ ಜಾತಿಯ ಮರ. ಅಲಮೀಡಾ ಎಂದರೆ ಆ ಮರಗಳ ತೋಪು, ಅದರಿಂದ ಮುಂದುವರಿದು, ಮರಗಳ ನೆರಳಿನಲ್ಲಿ ಜನ ಅಡ್ಡಾಡುವ ದಾರಿ. ಬರಿಬಯಲಿನ ನಡುವೆ ದಡದುದ್ದಕ್ಕೂ ಮರಗಳನ್ನು ನಿಲ್ಲಿಸಿಕೊಂಡು ಬರುತ್ತಿದ್ದ ಹೊಳೆಯನ್ನು ಕಂಡು ಸ್ಪ್ಯಾನಿಷರು ಇಟ್ಟ ಹೆಸರದು. ಕನ್ನಡಕ್ಕೆ ತಂದರೆ ‘ಸಾಲುಮರದ ಹೊಳೆ’. ಇವತ್ತು ಏರಿಯ ಮೇಲೆ ಹೋದರೆ ಮೈಲಿಗಟ್ಟಲೆ ನೆರಳಿಗೊಂದು ಮರ ಸಿಗುವುದಿಲ್ಲ. ಬೇರು ಬಿಟ್ಟು ಏರಿ ಸಡಿಲಿಸೀತು, ಪ್ರವಾಹಕ್ಕೆ ಅಡ್ಡ ನಿಂತೀತು ಎಂದು ಕಾಲುವೆಯಲ್ಲಿ ಮರ ಬೆಳೆಯಗೊಡುವುದಿಲ್ಲ. ಮರ ಹೋಗಿ ದಾರಿ ಬಂತು, ಹೆಸರು ಎರಡಕ್ಕೂ ಹೊಂದುವಂತೆ ಉಳಿಯಿತು. ಟೋಪಿ, ನೀರಿನ ಬಾಟಲಿ ಮರೆಯಬೇಡಿ.

ದಾರಿ ಶುರುವಾಗುವ ನೈಲ್ಸ್ ಸಣ್ಣ ಊರಾದರೂ ಅದರ ಜಂಬಕ್ಕೆ ಕಾರಣವಿದೆ. ಎಸ್ಸನೇ ಎಂಬ ಸಿನಿಮಾ ಕಂಪನಿ 1912ರಲ್ಲಿ ಇಲ್ಲಿ ಸ್ಟುಡಿಯೋ ಹೂಡಿತ್ತು. ಚಾರ್ಲಿ ಚಾಪ್ಲಿನ್ 1915ರಲ್ಲಿ ಬಂದು ಇಲ್ಲಿ ಐದು ಚಿತ್ರ ಮಾಡಿದ. ‘ದಿ ಟ್ರ್ಯಾಂಪ್’ ಚಿತ್ರದ ಕೊನೆಯಲ್ಲಿ ಆ ಅಲೆಮಾರಿ ಬೆನ್ನು ತೋರಿಸಿಕೊಂಡು, ಭುಜ ಕೊಡವಿ, ಒಬ್ಬನೇ ನಡೆದುಹೋಗುವ ಮಣ್ಣುದಾರಿ ಈ ನೈಲ್ಸ್ ಕಣಿವೆಯದು. ನಡಿಗೆಯನ್ನೇ ಜಗತ್ಪ್ರಸಿದ್ಧ ಮಾಡಿದವನು ನಡೆದ ಜಾಗದಿಂದ ನಡಿಗೆ ಶುರುಮಾಡುವುದು ಎಷ್ಟು ಊರಿನವರಿಗೆ ಸಿಕ್ಕೀತು?

ಈಗ ಮತ್ತೆ ಆ ಫಲಕಕ್ಕೆ ಬರೋಣ. ಕುದುರೆಗೇ ಏಕೆ ಮೊದಲ ದಾರಿ?

ಕುದುರೆ ನಾನ್ನೂರೈವತ್ತು, ಐನೂರು ಕಿಲೋ ತೂಗುವ ಪುಕ್ಕಲು. ಹುಲ್ಲುಗಾವಲಿನಲ್ಲಿ ಹುಟ್ಟಿ, ಹೊಂಚುಹಾಕುವ ಮೃಗಗಳಿಂದ ಓಡಿ ಓಡಿಯೇ ಬದುಕುಳಿದ ಕುಲ ಅದರದು. ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುಮಾರು 350 ಡಿಗ್ರಿಯಷ್ಟು ಸುತ್ತನ್ನು ಅದು ಒಮ್ಮೆಗೇ ನೋಡಬಲ್ಲದು. ಕಾಣದಿರುವುದು ಎರಡೇ ಕಡೆ: ಮೂಗಿನ ನೇರಕ್ಕೆ ತೀರಾ ಹತ್ತಿರ, ಮತ್ತು ಬಾಲದ ನೇರ ಹಿಂದೆ. ಸದ್ದಿಲ್ಲದ ಸೈಕಲ್ ಬರುವುದು ಆ ಹಿಂದಿನ ಕುರುಡು ಜಾಗದಿಂದಲೇ! ಫಕ್ಕನೆ ಮಗ್ಗುಲಲ್ಲಿ ಏನೋ ಸುಯ್ಯೆಂದು ಹಾದರೆ, ಅದು ಸೈಕಲ್ಲೋ ಹುಲಿಯೋ ಎಂದು ವಿಚಾರಿಸುವ ವ್ಯವಧಾನ ಕುದುರೆಗಿಲ್ಲ. ಮೊದಲು ಓಡು, ಆಮೇಲೆ ಯೋಚಿಸು ಎಂಬುದು ಅದರ ರಕ್ತದಲ್ಲಿದೆ. ಒಂದೇ ನೆಗೆತಕ್ಕೆ ಸವಾರ ಕೆಳಗೆ, ಸೈಕಲ್ಲಿನವನು ಗೊರಸಿನಡಿಗೆ.

ಹಾಗಾಗಿ ಅಲ್ಲಿನವರು ಕಲಿಸುವ ರೀತಿನೀತಿ ಸರಳ. ಹಿಂದಿನಿಂದ ಬರುವಾಗ ದೂರದಿಂದಲೇ ವೇಗ ಇಳಿಸಿ. ಬೆಲ್ ಬಾರಿಸುವುದಕ್ಕಿಂತ ಬಾಯಿಬಿಟ್ಟು ಮಾತಾಡಿ. ‘ನಮಸ್ಕಾರ, ನಿಮ್ಮ ಎಡಗಡೆಯಿಂದ ಬರಲೇ?’ ಎಂದರೆ ಸವಾರನೂ ಉತ್ತರಿಸುತ್ತಾನೆ; ಅಪರಿಚಿತ ಆಕಾರ ಮನುಷ್ಯನದೇ ಎಂದು ಕುದುರೆಗೂ ತಿಳಿಯುತ್ತದೆ. ಹೆಲ್ಮೆಟ್ಟು, ಕಪ್ಪು ಕನ್ನಡಕ, ಹಳದಿ ಜಾಕೆಟ್ಟು ಹಾಕಿಕೊಂಡು ಬಗ್ಗಿ ಕೂತವನು ಕುದುರೆಯ ಕಣ್ಣಿಗೆ ಮನುಷ್ಯನಂತೆ ಕಾಣುವುದಿಲ್ಲ. ದನಿ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಎದುರಿನಿಂದ ಬಂದಾಗ ಪಕ್ಕಕ್ಕೆ ಸರಿದು, ಕಾಣುವಂತೆ ನಿಲ್ಲಿ. ದಾರಿ ಬಿಡುವ ಸೌಜನ್ಯದಲ್ಲಿ ಪೊದೆಯ ಹಿಂದೆ ಹೋಗಿ ಅಡಗಬೇಡಿ. ಪೊದೆಯ ಹಿಂದೆ ಅಡಗುವುದು ಹುಲಿಯ ಕೆಲಸ. ಸವಾರ ಸರಿ ಎನ್ನುವ ತನಕ ಕುದುರೆಯನ್ನು ಮುಟ್ಟಬೇಡಿ, ನಾಯಿಯ ಹಗ್ಗ ಗಿಡ್ಡ ಮಾಡಿಕೊಳ್ಳಿ.

ಫಲಕದ ಲೆಕ್ಕ ಈಗ ಬಿಡಿಸಿಕೊಳ್ಳುತ್ತದೆ. ಮೂವರಲ್ಲಿ ಯಾರು ದೊಡ್ಡವರು, ಯಾರು ಬೇಗ ಹೋಗಬೇಕಾದವರು ಎಂದು ಅದು ಕೇಳುವುದಿಲ್ಲ. ಯಾರು ಬೇಗ ಹೆದರುತ್ತಾರೆ, ಯಾರಿಗೆ ತಮ್ಮನ್ನು ತಡೆದುಕೊಳ್ಳುವುದು ಕಷ್ಟ ಎಂದು ಕೇಳುತ್ತದೆ. ಬ್ರೇಕ್ ಇರುವುದು ಸೈಕಲ್ಲಿಗೆ, ಆದ್ದರಿಂದ ತಗ್ಗುವ ಹೊಣೆ ಸೈಕಲ್ಲಿನದು. ನಡೆಯುವವರಿಗೆ ವಿವೇಚನೆಯಿದೆ, ಅವರು ಕುದುರೆಗೆ ತಗ್ಗಬೇಕು. ಕುದುರೆಗೆ ಇರುವುದು ಭಯವೊಂದೇ, ಅದು ತಗ್ಗಬೇಕಾಗಿಲ್ಲ. ನಮ್ಮ ರಸ್ತೆಗಳ ಅಲಿಖಿತ ಕಾನೂನು ಇದರ ತಲೆಕೆಳಗು: ಲಾರಿಗೆ ಬಸ್ಸು ಬಿಡಬೇಕು, ಬಸ್ಸಿಗೆ ಕಾರು, ಕಾರಿಗೆ ಸ್ಕೂಟರ್, ಸ್ಕೂಟರಿಗೆ ಸೈಕಲ್, ಎಲ್ಲರಿಗೂ ಪಾದಚಾರಿ. ಹೆದರಿಸಬಲ್ಲವನಿಗೆ ಮೊದಲ ದಾರಿ.

ಫಲಕ ನೆಟ್ಟೊಡನೆ ಎಲ್ಲರೂ ಸಾಧುಗಳಾದರು ಎಂದುಕೊಳ್ಳಬೇಡಿ. ಈ ಉದ್ಯಾನ ಜಿಲ್ಲೆಯ ದಾರಿಗಳಲ್ಲಿ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್ ವೇಗದ ಮಿತಿಯಿದೆ. ನೇರವಾದ ನುಣುಪು ದಾರಿ ಕಂಡ ಸೈಕಲ್ ಸವಾರರ ಕಾಲು ಸುಮ್ಮನಿರುತ್ತದೆಯೇ? ಈಗ ಬ್ಯಾಟರಿ ಸೈಕಲ್‌ಗಳೂ ಬಂದಿವೆ. ಅವುಗಳ ಮೋಟಾರೇ 20 ಮೈಲಿ ವೇಗದ ತನಕ ತಳ್ಳುತ್ತದೆ, ಬೆವರಿನ ಕಡಿವಾಣವೂ ಇಲ್ಲ. ಎಪ್ಪತ್ತರ ಅಜ್ಜಿಗೆ ಹಿಂದಿನಿಂದ ‘ಆನ್ ಯುವರ್ ಲೆಫ್ಟ್’ ಎಂದು ಕೂಗಿದರೆ, ಆಕೆ ‘ಲೆಫ್ಟ್’ ಎನ್ನುವುದಷ್ಟನ್ನೇ ಕೇಳಿಸಿಕೊಂಡು ಎಡಕ್ಕೇ ಸರಿಯುತ್ತಾಳೆ. ಅಮೆರಿಕದಲ್ಲಿ ನಡೆಯುವವರು ದಾರಿಯ ಬಲಕ್ಕಿರಬೇಕು. ಹಾಯುವವರು ಎಡದಿಂದ ಬರುತ್ತಾರೆ. ಜೀವಮಾನವಿಡೀ ಎಡಕ್ಕೆ ನಡೆದ ನಮ್ಮವರಿಗೆ ಇದು ಮೈಗೂಡಲು ನಾಲ್ಕು ದಿನ ಬೇಕು. ಬಂದ ಮೊದಲ ದಿನವೇ ಅಪ್ಪ ಅಮ್ಮನಿಗೆ ಇದನ್ನು ಹೇಳಿಕೊಡುವುದು ಮಕ್ಕಳ ಕೆಲಸ.

ದಾರಿಯಲ್ಲಿ ಕಾಣದ ಇನ್ನೂ ಒಬ್ಬ ಬಳಕೆದಾರನಿದ್ದಾನೆ. ಅವನು ಕಾಲಿನ ಕೆಳಗಿದ್ದಾನೆ: ಅಂತರ್ಜಲ. ಹೊಳೆ ಕಣಿವೆಯಿಂದ ಬಯಲಿಗೆ ಬೀಳುವ ಕಡೆ ಸಾವಿರಾರು ವರ್ಷಗಳಿಂದ ಮರಳು, ಜಲ್ಲಿಯನ್ನು ಬೀಸಣಿಗೆಯಂತೆ ಹರಡಿದೆ. ಅದಕ್ಕೆ ‘ನೈಲ್ಸ್ ಕೋನ್’ ಎಂದು ಹೆಸರು. ಈ ಜಲ್ಲಿಯ ಪದರಗಳೇ ಊರಿನ ಅಂತರ್ಜಲದ ಕಣಜ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ತೋಟಗಳಿಗೆಂದು ಎಲ್ಲರೂ ಬಾವಿಯಿಂದ ಎತ್ತಿ ಎತ್ತಿ, ನೀರಿನ ಮಟ್ಟ ಸಮುದ್ರಕ್ಕಿಂತ ಕೆಳಗಿಳಿಯಿತು. ಕೊಲ್ಲಿಯ ಉಪ್ಪುನೀರು ಸದ್ದಿಲ್ಲದೆ ಒಳನುಗ್ಗಿತು. ಬಾವಿಗಳು ಒಂದೊಂದಾಗಿ ಸವಳಾದವು. ನೀರು ಕಾಯಲೆಂದೇ 1914ರಲ್ಲಿ ರೈತರು ಕಟ್ಟಿಕೊಂಡಿದ್ದ ಅಲಮೀಡಾ ಕೌಂಟಿ ವಾಟರ್ ಡಿಸ್ಟ್ರಿಕ್ಟ್ ಎಂಬ ಸಂಸ್ಥೆ ಆಗ ಹಿಡಿದ ದಾರಿ, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನೀರಿಂಗಿಸುವುದು. ಹೊಳೆಗೆ ಅಡ್ಡಲಾಗಿ ರಬ್ಬರ್ ಚೀಲದ ಅಣೆಕಟ್ಟುಗಳನ್ನು ಹಾಕಿದ್ದಾರೆ. ಬೇಕೆಂದಾಗ ಊದಿಸಿದರೆ ನೀರು ನಿಲ್ಲುತ್ತದೆ. ಪ್ರವಾಹ ಬಂದಾಗ ಗಾಳಿ ಬಿಟ್ಟರೆ ನೆಲಕ್ಕೆ ಮಲಗಿ ದಾರಿ ಬಿಡುತ್ತವೆ. ನಿಲ್ಲಿಸಿದ ನೀರನ್ನು ಪಕ್ಕದ ಹಳೆಯ ಜಲ್ಲಿಗುಂಡಿಗಳಿಗೆ ತಿರುಗಿಸುತ್ತಾರೆ, ಅಲ್ಲಿಂದ ಅದು ಭೂಮಿಗಿಳಿಯುತ್ತದೆ. ಸ್ಥಳೀಯ ಮಳೆ ಸಾಲದೆಂದು 1962ರಿಂದ ರಾಜ್ಯದ ಕಾಲುವೆ ಜಾಲದ ನೀರನ್ನೂ ಕೊಂಡು ಹೊಳೆಗೆ ಬಿಡುತ್ತಿದ್ದಾರೆ. ಒಳಹೊಕ್ಕ ಉಪ್ಪು ಮಾತ್ರ ಸುಲಭಕ್ಕೆ ಹೊರಬೀಳುವುದಿಲ್ಲ. ಆ ಸವಳು ನೀರನ್ನು ಸಿಹಿ ಮಾಡಲೆಂದೇ 2003ರಲ್ಲಿ ಪಕ್ಕದೂರು ನ್ಯೂಅರ್ಕ್‌ನಲ್ಲೊಂದು ಘಟಕ ಶುರುಮಾಡಬೇಕಾಯಿತು.

ಆ ಜಲ್ಲಿಗುಂಡಿಗಳೇ ಈಗಿನ ಕ್ವಾರಿ ಲೇಕ್ಸ್. ಅಮೆರಿಕ ಖಂಡವನ್ನು ಅಡ್ಡಲಾಗಿ ದಾಟಿದ ಮೊದಲ ರೈಲು 1869ರಲ್ಲಿ ಈ ನೈಲ್ಸ್ ಕಣಿವೆಯ ಮೂಲಕವೇ ಕೊಲ್ಲಿಯತ್ತ ಇಳಿಯಿತು. ಆ ಹಳಿಯ ಕೆಳಗೂ ಇಲ್ಲಿನ ಜಲ್ಲಿ ಬಿದ್ದಿದೆ. ಅಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು. 2001ರಲ್ಲಿ ಅವನ್ನು ಉದ್ಯಾನ ಮಾಡಿದರು. ದಂಡೆಯಲ್ಲಿ ಮೀನು ಹಿಡಿಯುವವರಿಗೂ, ಕೆರೆಯಲ್ಲಿ ಈಜುವವರಿಗೂ ತಾವು ಊರಿನ ನೀರಿನ ತಿಜೋರಿಯ ಬಾಗಿಲಲ್ಲಿ ಕೂತಿದ್ದೇವೆ ಎಂಬ ನೆನಪು ಇರಲಾರದು. ಲಿವರ್‌ಮೋರ್‌ನ ಶಿವ-ವಿಷ್ಣು ದೇವಾಲಯಕ್ಕೆ ಹೋಗುವ ಕನ್ನಡಿಗರಿಗೆ ಇನ್ನೊಂದು ಸುದ್ದಿ: ಆ ಗುಡಿಯ ಅಂಗಳದಲ್ಲಿ ಬಿದ್ದ ಮಳೆಯೂ ಕಿರುಹೊಳೆಗಳ ಕೈದಾಟಿ, ಸುನೋಲ್ ಎಂಬ ಊರಿನ ಬಳಿ ಈ ಹೊಳೆಯನ್ನೇ ಕೂಡುತ್ತದೆ. 1,600 ಚದರ ಕಿಲೋಮೀಟರ್‌ಗೂ ಮೀರಿದ ಇದರ ಜಲಾನಯನದೊಳಗೇ ಆ ಊರೂ ಇದೆ. ಫ್ರೀಮಾಂಟಿನ ನಲ್ಲಿಯಲ್ಲಿ ಒಂದಿಷ್ಟು ತೀರ್ಥವೂ ಸೇರಿರಬಹುದು.

ಇಷ್ಟೆಲ್ಲ ಹಂಚಿಕೆಯಲ್ಲಿ ಬಹುಕಾಲ ಪಾಲು ಸಿಗದೆ ಹೋದದ್ದು ಹೊಳೆಯ ಮೂಲ ನಿವಾಸಿಗೆ, ಸ್ಟೀಲ್‌ಹೆಡ್ ಮೀನಿಗೆ. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವ ಜಾತಿ ಅದು. ಬಾರ್ಟ್ ಎಂಬ ಸ್ಥಳೀಯ ರೈಲಿನ ಸೇತುವೆಯ ಕಂಬಗಳನ್ನು ಕಾಪಾಡಲೆಂದು ಹೊಳೆಯಲ್ಲಿ ಕಟ್ಟಿದ 12 ಅಡಿ ಎತ್ತರದ ಕಾಂಕ್ರೀಟ್ ತಡೆ ಅದರ ಪಾಲಿಗೆ ಬಾಗಿಲಿಲ್ಲದ ಗೋಡೆಯಾಯಿತು. 1990ರ ದಶಕದ ಕೊನೆಯಲ್ಲಿ ಗೋಡೆಯ ಕೆಳಗೆ ತಲೆಬಡಿದುಕೊಳ್ಳುತ್ತಿದ್ದ ಮೀನುಗಳನ್ನು ಸ್ವಯಂಸೇವಕರು ಕೈಯಲ್ಲಿ ಹಿಡಿದೆತ್ತಿ ಮೇಲಕ್ಕೆ ಸಾಗಿಸಿದರು. ಆಗ ಶುರುವಾದ ಹಟ ಕಾಲು ಶತಮಾನ ನಡೆಯಿತು. ಮೀನಿಗೆಂದು ಕಟ್ಟಿದ ಮೆಟ್ಟಿಲುಗಳು 2022ಕ್ಕೆ ಪೂರ್ತಿಯಾದವು. ಮೇಲೆ ಸುನೋಲ್ ಬಳಿ ಗ್ಯಾಸ್ ಪೈಪಿನ ರಕ್ಷಣೆಗೆ ಹೊಳೆಯಲ್ಲಿ ಹಾಸಿದ್ದ ಕಾಂಕ್ರೀಟನ್ನೂ ಆಮೇಲೆ ಕಿತ್ತರು. ಏರಿಯ ಮೇಲೆ ಕುದುರೆಗೆ ಸೈಕಲ್ ದಾರಿ ಬಿಟ್ಟು ಅರ್ಧ ಶತಮಾನವಾಗುತ್ತ ಬಂದ ಮೇಲೆ, ಕೆಳಗೆ ಮೀನಿಗೆ ರೈಲು ದಾರಿ ಬಿಟ್ಟಿತು.

ಬೆಂಗಳೂರಿನಲ್ಲಿ ಕೂತು ಇದನ್ನು ಓದುವವರಿಗೆ ರಾಜಕಾಲುವೆಗಳ ನೆನಪು ಬಾರದೆ ಇರದು. ಮೆಜೆಸ್ಟಿಕ್ಕಿನಿಂದ ಬೆಳ್ಳಂದೂರಿನ ಕಡೆಗೆ ಹರಿಯುವ ಕೋರಮಂಗಲ ಕಣಿವೆಯ ಕಾಲುವೆಯನ್ನು ಕೊಳಚೆಯಿಂದ ಬಿಡಿಸಿ, ದಡದಲ್ಲಿ ಜನ ನಡೆಯುವಂತೆ ಮಾಡಲು ‘ಕೆ-100’ ಯೋಜನೆ 2021ರಲ್ಲಿ ಶುರುವಾಯಿತು. ಅಂಥ ದಾರಿಗಳು ನಮ್ಮಲ್ಲೂ ಹೆಚ್ಚಲಿ. ಆದರೆ ನಮ್ಮ ಕೆರೆ ಏರಿಯ, ಪಾರ್ಕಿನ ಫಲಕಗಳನ್ನು ಒಮ್ಮೆ ಓದಿ ನೋಡಿ. ಸೈಕಲ್ ತರಬಾರದು, ಆಟ ಆಡಬಾರದು, ದನ ಬಿಡಬಾರದು. ಜಗಳವಾದೀತೆಂದು ಎಲ್ಲರನ್ನೂ ಹೊರಗಟ್ಟಿ, ವಾಕಿಂಗ್ ಮಾಡುವವರಿಗೆ ಮಾತ್ರ ಬೀಗದ ಕೈ ಕೊಡುತ್ತೇವೆ. ನಮ್ಮ ಏರಿಗಳ ಮೇಲೆ ಕುದುರೆ ಇಲ್ಲದಿದ್ದರೇನು, ಎಮ್ಮೆ ಇದೆ, ಕುರಿಮಂದೆ ಇದೆ, ಸೊಪ್ಪಿನ ಹೊರೆ ಹೊತ್ತ ಹೆಂಗಸಿದ್ದಾಳೆ, ಸೈಕಲ್ ಕಲಿಯುವ ಹುಡುಗಿಯಿದ್ದಾಳೆ. ಆ ತ್ರಿಕೋನದಲ್ಲಿ ‘ಬಾರದು’ ಎಂಬ ಮಾತೇ ಇಲ್ಲ. ಎಲ್ಲರೂ ಬನ್ನಿ, ಯಾರಿಗೆ ಯಾರು ತಗ್ಗಬೇಕೆಂಬುದು ಮಾತ್ರ ತಿಳಿದಿರಲಿ ಎನ್ನುತ್ತದೆ.

ಹೋಗುವವರಿಗೆ ಎರಡು ಕಿವಿಮಾತು. ಮಧ್ಯಾಹ್ನದ ಮೇಲೆ ಕೊಲ್ಲಿಯಿಂದ ಗಾಳಿ ಎದುರಾಗಿ ಬೀಸುತ್ತದೆ. ನೈಲ್ಸ್‌ನಿಂದ ಹೊರಟ ಸೈಕಲ್ಲಿಗೆ ಸಮತಟ್ಟಾದ ನೆಲವೇ ಘಟ್ಟದಂತಾಗುತ್ತದೆ. ಕೊಲ್ಲಿಯ ಕಡೆಯ ಕಯೋಟಿ ಹಿಲ್ಸ್ ಮುಟ್ಟಿ, ಎರಡು ಸಾವಿರ ವರ್ಷಗಳಿಂದ ಓಲೋನಿ ಜನ ಬದುಕಿದ ಆ ಗುಡ್ಡಗಳ ಮೇಲೆ ನಿಂತು ಉಪ್ಪಿನ ಮಡಿಗಳನ್ನೂ ಹಕ್ಕಿಗಳನ್ನೂ ನೋಡಿ ಹಿಂದಿರುಗುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಜೋರು ಮಳೆ ಬಂದಾಗ ಸೇತುವೆಗಳ ಕೆಳಗಿನ ದಾರಿಯಲ್ಲಿ ನೀರು ನಿಲ್ಲುತ್ತದೆ. ಅಂಥ ದಿನ ಹೊಳೆಗೇ ಮೊದಲ ದಾರಿ.

ಇನ್ನು, ಬಡಗಣ ದಡದಲ್ಲಿ ಎದುರಿಗೊಂದು ಕುದುರೆ ಬಂದರೆ ಅಜ್ಜ ಅಜ್ಜಿಯರು ಇಂಗ್ಲಿಷಿಗಾಗಿ ತಡಕಾಡಬೇಕಾಗಿಲ್ಲ. ಪಕ್ಕಕ್ಕೆ ನಿಂತು, ಎಂದಿನ ದನಿಯಲ್ಲಿ ‘ಬಾಪ್ಪಾ, ಹೋಗು’ ಎಂದರೆ ಸಾಕು. ಅದಕ್ಕೆ ಬೇಕಾದದ್ದು ಮನುಷ್ಯರ ದನಿ. ಯಾವ ಭಾಷೆಯೆಂದು ಕುದುರೆ ಕೇಳುವುದಿಲ್ಲ.